ಕಾಕಾ ಅವರು ಸಿದ್ಧಪಡಿಸಿದ 1968ರ ಫಿಯಟ್ ಕಾರನ್ನು ಕೊಳ್ಳಬೇಕೇ? ತಿಳಿದವರ ಸಲಹೆ ಬೇಕು

ಅನಗೋಳದ ಉಪನ್ಯಾಸಕಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯೊಂದನ್ನು ಸ್ವಲ್ಪ ದೀರ್ಘವಾಗಿಯೇ ಇಲ್ಲಿ ಇಡುತ್ತಿದ್ದೇನೆ.

ನನ್ನ ಅಜ್ಜ ಹಳೆಯ ಬಾಗಲಕೋಟೆಯಲ್ಲಿ ಅರಿವೆ ವ್ಯಾಪಾರ ಮಾಡುತ್ತಿದ್ದರು. ಅವರು 1968ರಲ್ಲಿ ಹೊಸದಾಗಿ ಕೊಂಡ ಫಿಯಟ್ 1100 ಡಿಲೈಟ್ ಕಾರು ನಮ್ಮ ಮನೆತನದ ಮೊದಲ ವಾಹನ. 1996ರಲ್ಲಿ ಅಜ್ಜ ತೀರಿಕೊಂಡ ಮೇಲೆ ಅದನ್ನು ಯಾರೂ ಓಡಿಸಲಿಲ್ಲ. ಆಲಮಟ್ಟಿ ಹಿನ್ನೀರಿನಿಂದಾಗಿ ನಮ್ಮ ಮನೆ ಮುಳುಗಡೆಗೆ ಹೋದಾಗ ಬಾಗಿಲು, ಕಿಟಕಿ, ತೊಲೆಗಳ ಜೊತೆಗೆ ಈ ಕಾರನ್ನೂ ಎಳೆಸಿ ನವನಗರಕ್ಕೆ ತಂದು ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಇಪ್ಪತ್ತು ವರ್ಷ ಅದು ಅಲ್ಲಿಯೇ ನಿಂತಿತ್ತು. ನನ್ನ ಕಾಕಾ ನಿವೃತ್ತರಾದ ಮೇಲೆ ಮೂರು ವರ್ಷ ಅದರ ಹಿಂದೆ ಬಿದ್ದು, ತಗಡಿನ ಕೆಲಸ, ಎಂಜಿನ್ ಕೆಲಸ, ಬಣ್ಣ, ಸೀಟು ಎಲ್ಲವನ್ನೂ ಮಾಡಿಸಿದ್ದಾರೆ. ಈಗ ಅವರಿಗೆ ಮೊಣಕಾಲಿನ ನೋವು ಹೆಚ್ಚಾಗಿ ಕ್ಲಚ್ ತುಳಿಯಲು ಆಗುತ್ತಿಲ್ಲ. ಪುಣೆಯಲ್ಲಿರುವ ಮಗನ ಮನೆಗೆ ಹೋಗಿ ನೆಲೆಸುವ ವಿಚಾರವೂ ಇದೆ. ಹೊರಗಿನವರಿಗೆ ಕೊಡುವ ಮನಸ್ಸಿಲ್ಲವೆಂದು ನನಗೆ ಹೇಳಿ ಕಳಿಸಿದ್ದಾರೆ. ಒಟ್ಟು 5,80,000 ರೂಪಾಯಿ ಖರ್ಚಾದ ರಸೀದಿಗಳನ್ನು ಫೈಲಿನಲ್ಲಿ ಜೋಡಿಸಿಟ್ಟಿದ್ದು, ನನ್ನಿಂದ 4,50,000 ಕೇಳುತ್ತಿದ್ದಾರೆ.

ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬನಶಂಕರಿ ಜಾತ್ರೆಗೆ ಹೋದ ನೆನಪು ನನಗಿದೆ. ಆದರೆ ನಮ್ಮದು ಇಬ್ಬರು ಮಕ್ಕಳಿರುವ ಸಂಬಳದ ಮನೆ. ಕಾಕಾ ಅವರೊಂದಿಗೆ ಚೌಕಾಸಿ ಮಾಡುವುದು ಹೇಗೆಂದು ತಿಳಿಯದು. ಕೊಂಡ ಮೇಲೆ ಕಾರು ಕೈಕೊಟ್ಟರೆ ಅವರ ಮುಂದೆ ಏನು ಹೇಳಲಿ ಎಂಬ ಅಳುಕೂ ಇದೆ.

ಉದ್ಯಮಬಾಗದ ಹಳೆಯ ಮೇಸ್ತ್ರಿ

ತಂಗಿ, ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥ್ ಮತ್ತು ಎಂಜಿನ್ ಬೋರಿಂಗ್ ಕೆಲಸದಲ್ಲಿ ಮೂವತ್ತೈದು ವರ್ಷ ಕಳೆದವನು. ಈ ಫಿಯಟ್ಟಿನ 1089 ಸಿಸಿ ಎಂಜಿನ್ ನನ್ನ ಕೈಯಲ್ಲಿ ಎಷ್ಟು ಸಲ ಬಿಚ್ಚಿ ಕೂಡಿದೆಯೋ ಲೆಕ್ಕವಿಲ್ಲ. ಒಂದು ಅನುಕೂಲವನ್ನು ಮೊದಲು ಹೇಳುತ್ತೇನೆ. 1964ರಲ್ಲಿ ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಡಿಲೈಟ್ ಬಂದಾಗ ಇದ್ದ ಎಂಜಿನ್ನೇ ಮುಂದೆ ಪದ್ಮಿನಿ ಎಂಬ ಹೆಸರಿನ ಕಾರಿಗೂ ಬಂತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ. ಅಷ್ಟು ದೀರ್ಘ ಕಾಲ ಓಡಿದ ಗಾಡಿಯಾದ್ದರಿಂದ ಪಿಸ್ಟನ್, ರಿಂಗು, ಬೇರಿಂಗು, ಕ್ಲಚ್ ಪ್ಲೇಟುಗಳಿಗೆ ಇವತ್ತಿಗೂ ತೊಂದರೆಯಿಲ್ಲ. ಸಿಗದೆ ಸತಾಯಿಸುವುದು ಆ ಕಾಲದ ಡಿಲೈಟಿನ ಅಂದದ ಸಾಮಾನುಗಳು: ಮುಂದಿನ ಗ್ರಿಲ್ಲು, ದೀಪದ ಸುತ್ತಿನ ಪಟ್ಟಿ, ಡ್ಯಾಶ್‌ಬೋರ್ಡಿನ ಮೀಟರು, ಗಾಜಿನ ರಬ್ಬರು. ಅವು ಮೂಲದವೇ ಇವೆಯೋ ಪದ್ಮಿನಿಯಿಂದ ತಂದು ಹಾಕಿದವೋ ನೋಡಿಕೊಳ್ಳಿರಿ.

ಇನ್ನು ಪರೀಕ್ಷೆಯ ಮಾತು. ಬಣ್ಣಕ್ಕೆ ಮರುಳಾಗಬೇಡಿರಿ. ಈ ಕಾರಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ತಗಡಿನ ದೇಹವೇ ಅದರ ಅಸ್ಥಿಪಂಜರ. ಆದ್ದರಿಂದ ತುಕ್ಕು ಹಿಡಿದ ಜಾಗ ಚಂದದ ಪ್ರಶ್ನೆಯಲ್ಲ, ಬಲದ ಪ್ರಶ್ನೆ. ಒಂದು ಸಣ್ಣ ಆಯಸ್ಕಾಂತವನ್ನು ತೆಳುವಾದ ಅರಿವೆಯಲ್ಲಿ ಸುತ್ತಿಕೊಂಡು ಬಾಗಿಲುಗಳ ಕೆಳಗಿನ ಉದ್ದ ಪಟ್ಟಿ, ಚಕ್ರದ ಕಮಾನು, ಡಿಕ್ಕಿಯ ತಳ ಇಲ್ಲೆಲ್ಲ ಆಡಿಸಿರಿ. ಆಯಸ್ಕಾಂತ ಹಿಡಿಯದ ಕಡೆ ಒಳಗೆ ಪುಟ್ಟಿ ತುಂಬಿದ್ದಾರೆಂದು ತಿಳಿಯಬೇಕು. ಮ್ಯಾಟು ಎತ್ತಿ ನೆಲದ ತಗಡನ್ನು ನೋಡಿರಿ, ಜ್ಯಾಕ್ ಕೊಡುವ ಜಾಗದಲ್ಲಿ ಜ್ಯಾಕ್ ಹಚ್ಚಿ ಎತ್ತಿಸಿ ಬಾಗಿಲು ತೆರೆದು ಮುಚ್ಚಿರಿ. ಎತ್ತಿದಾಗ ಬಾಗಿಲು ಬಿಗಿಯಾದರೆ ದೇಹ ಬಾಗುತ್ತಿದೆ ಎಂದರ್ಥ.

ಎಂಜಿನ್ನನ್ನು ತಣ್ಣಗಿರುವಾಗಲೇ ಮೊದಲು ಚಾಲೂ ಮಾಡಬೇಕು. ನೀವು ಹೋಗುವ ಹೊತ್ತಿಗೆ ಅದು ಬಿಸಿಯಾಗಿ ನಿಂತಿದ್ದರೆ ಎರಡು ತಾಸು ಕಾಯಿರಿ. ಇದರ ಬ್ಲಾಕು, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಒಡಲು, ಎರಕದ ಕಬ್ಬಿಣದ್ದು, ಅದರ ಮೇಲೆ ಕೂಡುವ ಹೆಡ್ಡು ಅಲ್ಯುಮಿನಿಯಮ್ಮಿನದು. ಒಮ್ಮೆ ವಿಪರೀತ ಬಿಸಿಯಾದರೆ ಹೆಡ್ಡು ಸೊಟ್ಟಗಾಗಿ ಎರಡರ ನಡುವಿನ ಗ್ಯಾಸ್ಕೆಟ್ ಹೋಗುತ್ತದೆ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ನೊರೆ, ರೇಡಿಯೇಟರಿನಲ್ಲಿ ನಿಲ್ಲದೆ ಏಳುವ ಗುಳ್ಳೆ ಕಂಡರೆ ಅಲ್ಲಿಗೇ ನಿಲ್ಲಿಸಿರಿ. ನಾಲ್ಕೂ ಸಿಲಿಂಡರಿನ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ಅಳೆಸಿರಿ. ಒಂದಕ್ಕೂ ಇನ್ನೊಂದಕ್ಕೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಅಂತರವಿದ್ದರೆ ಕಾರಣ ಕೇಳಬೇಕು. ಆಮೇಲೆ ಮುಂದಿನ ಚಕ್ರ ಎತ್ತಿಸಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ಚಕ್ರ ಹೊರಳುವ ಕೀಲಾದ ಕಿಂಗ್‌ಪಿನ್ ಸವೆದಿದೆಯೇ ನೋಡುವುದು, ಹಿಂದಿನ ಪಾಟಾಗಳ (ಲೀಫ್ ಸ್ಪ್ರಿಂಗ್) ಪದರು ಸೀಳಿದೆಯೇ ನೋಡುವುದು. ಬ್ರೇಕು ನಾಲ್ಕೂ ಕಡೆ ಡ್ರಮ್ಮಿನದು, ಎಲ್ಲಕ್ಕೂ ಒಂದೇ ಪೈಪಿನ ಸಾಲು. ಎಲ್ಲಾದರೂ ಸೋರಿದರೆ ಪೆಡಲ್ ನೇರ ನೆಲಕ್ಕೆ ಹೋಗುತ್ತದೆ. ಆದ್ದರಿಂದ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದು ಅದು ಇಳಿಯುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಮಕ್ಕಳನ್ನು ಕೂಡಿಸಬೇಡಿರಿ.

ನವನಗರದ ವಕೀಲ, ಬಾಗಲಕೋಟೆ

ಮೇಸ್ತ್ರಿಯವರು ಹೇಳಿದ್ದೆಲ್ಲ ಸರಿಯೇ. ಆದರೆ ಅದಕ್ಕಿಂತ ಮೊದಲು ಒಂದು ಪ್ರಶ್ನೆ, ಮೇಡಂ. ಕಾರು ಈಗ ಯಾರ ಹೆಸರಿನಲ್ಲಿದೆ? ಅಜ್ಜನವರ ಹೆಸರಿನಲ್ಲಿಯೇ ಇದ್ದರೆ, ಕಾಕಾ ಅವರು ಎಷ್ಟೇ ಪ್ರೀತಿಯಿಂದ, ಎಷ್ಟೇ ಹಣ ಹಾಕಿ ಸಿದ್ಧಪಡಿಸಿದ್ದರೂ ಅದನ್ನು ಒಬ್ಬರೇ ಮಾರುವ ಅಧಿಕಾರ ಅವರಿಗಿಲ್ಲ.

ಅನಗೋಳದ ಉಪನ್ಯಾಸಕಿ

ಆರ್‌ಸಿ ಪುಸ್ತಕ ಅಜ್ಜನ ಹೆಸರಿನಲ್ಲಿಯೇ ಇದೆ ಸರ್. ಮೈಸೂರು ರಾಜ್ಯದ ಕಾಲದ ಹಳೆಯ ನಂಬರು. ನವೀಕರಣದ ಕೊನೆಯ ಮುದ್ರೆ 1994ರದು. ಅಜ್ಜ ಮೃತ್ಯುಪತ್ರ ಬರೆದಿರಲಿಲ್ಲ. ಅಜ್ಜಿಯೂ ಈಗಿಲ್ಲ. ನನ್ನ ತಂದೆ, ಕಾಕಾ ಮತ್ತು ಇಬ್ಬರು ಸೋದರತ್ತೆಯರು ಇದ್ದಾರೆ.

ನವನಗರದ ವಕೀಲ

ಹಾಗಾದರೆ ಕಾರಿನ ಹಕ್ಕುದಾರರು ನಾಲ್ವರು. ಅಜ್ಜನವರ ಸ್ವಂತ ಗಳಿಕೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಇರುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಗೆ ಸಂಬಂಧಿಸಿದ್ದು, ಇಲ್ಲಿ ಅದರ ಅಗತ್ಯವೂ ಇಲ್ಲ. ಕಾರು ಚಿಕ್ಕ ವಸ್ತು, ಅದಕ್ಕೇಕೆ ಪಾಲಿನ ಮಾತು ಎಂದು ಹಲವರು ಸುಮ್ಮನಾಗುತ್ತಾರೆ. ನಮ್ಮ ಭಾಗದಲ್ಲಿ ಮುಳುಗಡೆ ಪರಿಹಾರದ ಹಣದ ಹಂಚಿಕೆಯಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಮಾತು ಬಿಟ್ಟ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಸುಮ್ಮನಾಗಬೇಡಿ ಎನ್ನುತ್ತೇನೆ.

ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ವರ್ಗಾಯಿಸಲು ನಮೂನೆ 31 ಇದೆ. ಅದನ್ನು ಮೂರು ತಿಂಗಳೊಳಗೆ ಸಲ್ಲಿಸಬೇಕಿತ್ತು. ಈಗ ದಂಡದೊಂದಿಗೆ ಮಾಡಿಸಬೇಕಾಗುತ್ತದೆ. ಮರಣ ಪ್ರಮಾಣಪತ್ರ, ವಾರಸುದಾರರ ಪ್ರಮಾಣಪತ್ರ, ಉಳಿದ ಮೂವರ ಒಪ್ಪಿಗೆಯ ಅಫಿಡವಿಟ್ ಕೊಟ್ಟು ಮೊದಲು ಕಾಕಾ ಅವರ ಹೆಸರಿಗೆ ಆಗಲಿ. ಆಮೇಲೆ ನಮೂನೆ 29 ಮತ್ತು 30ರ ಮೂಲಕ ಅವರಿಂದ ನಿಮಗೆ. ಹಳೆಯ ಪುಸ್ತಕವಾದ್ದರಿಂದ ವಿವರಗಳು ಗಣಕದಲ್ಲಿ ಇರಲಾರವು. ಬಾಗಲಕೋಟೆಯ ಆರ್‌ಟಿಒ ಕಚೇರಿಯಲ್ಲಿ ಮೂಲ ದಾಖಲೆ ತೆಗೆಸಿ ಸರ್ಕಾರದ ‘ವಾಹನ್’ ಗಣಕ ವ್ಯವಸ್ಥೆಗೆ ಸೇರಿಸುವ ಕೆಲಸವೇ ಹೆಚ್ಚು ದಿನ ಹಿಡಿಯುತ್ತದೆ.

ಖರ್ಚನ್ನೂ ಬರೆದುಕೊಳ್ಳಿ. 2025ರ ಆಗಸ್ಟ್ ತಿದ್ದುಪಡಿಯ ನಂತರ 20 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣಕ್ಕೆ 10,000 ರೂಪಾಯಿ, ಅದು 5 ವರ್ಷಕ್ಕೆ ಮಾತ್ರ. 2022ರ ಏಪ್ರಿಲ್‌ನಿಂದ ವಿಳಂಬವಾದ ಪ್ರತಿ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ ಶುಲ್ಕವಿದ್ದು, ಅದೊಂದೇ 20,000 ದಾಟುತ್ತದೆ. ಹಸಿರು ತೆರಿಗೆ ಬೇರೆ. ಇನ್ನೊಂದು ದಾರಿ ಎಂದರೆ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಿಂಟೇಜ್ ವಾಹನದ ನಿಯಮ. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದಿರುವ ವಾಹನಕ್ಕೆ 20,000 ರೂಪಾಯಿ ಶುಲ್ಕದಲ್ಲಿ 10 ವರ್ಷದ ನೋಂದಣಿ ಸಿಗುತ್ತದೆ. ಆದರೆ ಆ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿ ಇಂಥ ಕಾರಣಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಹದಿನೈದು ದಿನಕ್ಕೊಮ್ಮೆ ಮಕ್ಕಳೊಂದಿಗೆ ಊರಲ್ಲಿ ಸುತ್ತಾಡುವ ಆಸೆಯಿದ್ದರೆ ಸಾಮಾನ್ಯ ನವೀಕರಣವೇ ಸೂಕ್ತ. ದೆಹಲಿ ಸುತ್ತಮುತ್ತ ಪೆಟ್ರೋಲ್ ಕಾರಿಗೆ ಇರುವ 15 ವರ್ಷದ ಮಿತಿ ನಮ್ಮ ರಾಜ್ಯದಲ್ಲಿಲ್ಲ.

ಒಂದು ಕೆಲಸವನ್ನು ಮರೆಯದೆ ಮಾಡಿ. ಎಂಜಿನ್ ಸಂಖ್ಯೆ ಮತ್ತು ಕಾರಿನ ದೇಹಕ್ಕೆ ಕೊಟ್ಟ ಚಾಸಿ ಸಂಖ್ಯೆ ಇವುಗಳ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ, ಮೂಡಿದ ಅಂಕಿಗಳನ್ನು ಪುಸ್ತಕದೊಂದಿಗೆ ಹೋಲಿಸಿ ನೋಡಿ.

ವಿಜಯಪುರದ ಫಿಯಟ್ ಮಾಲೀಕ

ನನ್ನ ಬಳಿ 1972ರ ಕಾರಿದೆ. ಹನ್ನೊಂದು ವರ್ಷದಿಂದ ಇಟ್ಟುಕೊಂಡಿದ್ದೇನೆ. ಕೊಳ್ಳುವ ಬೆಲೆಯನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಇಟ್ಟುಕೊಳ್ಳುವ ಖರ್ಚನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಆ ಭಾಗವನ್ನು ನಾನು ಬರೆಯುತ್ತೇನೆ. ನನಗೆ ವರ್ಷಕ್ಕೆ ಸರಾಸರಿ 35,000 ರೂಪಾಯಿ ಬೀಳುತ್ತಿದೆ, ಪೆಟ್ರೋಲ್ ಬಿಟ್ಟು. ಒಂದೊಂದು ವರ್ಷ ಹತ್ತು ಸಾವಿರದಲ್ಲಿ ಮುಗಿಯುತ್ತದೆ, ಗೇರ್‌ಬಾಕ್ಸ್ ಬಿಚ್ಚಿದ ವರ್ಷ ಎಂಬತ್ತು ಸಾವಿರ ಹೋಯಿತು.

ನಮ್ಮ ಕಡೆಯ ಬಿಸಿಲಿನಲ್ಲಿ, ಅಂದರೆ ಏಪ್ರಿಲ್ ಮೇ ತಿಂಗಳ 40 ಡಿಗ್ರಿಯಲ್ಲಿ, ಕಾರಿನ ಇಂಧನ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ ಎಂಜಿನ್ ನಡುದಾರಿಯಲ್ಲಿ ನಿಲ್ಲುವುದುಂಟು. ಹಳೆಯ ಚಾಲಕರು ಪಂಪಿಗೆ ಒದ್ದೆ ಅರಿವೆ ಸುತ್ತುತ್ತಿದ್ದರು. ನಾನೂ ಡಿಕ್ಕಿಯಲ್ಲಿ ಒಂದು ಕೊಡ ನೀರು, ಒಂದು ಹಳೆಯ ಪಂಜೆ ಇಲ್ಲದೆ ಸೋಲಾಪುರ ರಸ್ತೆಗೆ ಹೋಗುವುದಿಲ್ಲ. ಬೆಳಗಾವಿಯ ಹವೆಯಲ್ಲಿ ಆ ತೊಂದರೆ ಕಡಿಮೆ. ಅದಕ್ಕೆ ಬದಲಾಗಿ ಅಲ್ಲಿಯ ಮಳೆಗಾಲ ತಗಡಿಗೆ ಶತ್ರು. ಬಾಗಲಕೋಟೆಯ ಒಣ ಹವೆಯಲ್ಲಿ ಉಳಿದುಕೊಂಡ ಕಾರು ನಿಮ್ಮಲ್ಲಿ ನಾಲ್ಕು ತಿಂಗಳ ಜಿಟಿಜಿಟಿ ಮಳೆಗೆ ಬಯಲಲ್ಲಿ ನಿಂತರೆ ಮೂರು ವರ್ಷದ ಕೆಲಸ ಎರಡೇ ಮಳೆಗಾಲದಲ್ಲಿ ಹಾಳಾದೀತು. ಅದಕ್ಕಾಗಿ ಕೇಳುತ್ತೇನೆ, ನಿಮ್ಮಲ್ಲಿ ಮೇಲೆ ಸೂರು, ಕೆಳಗೆ ಒಣ ನೆಲ ಇರುವ ಜಾಗವಿದೆಯೇ? ಇಲ್ಲವೆಂದರೆ ಉಳಿದ ಚರ್ಚೆಯೇ ಬೇಡ.

ಎರಡನೆಯದು ಪೆಟ್ರೋಲಿನ ಮಾತು. ನಮ್ಮ ಮೂರೂ ಜಿಲ್ಲೆಗಳ ಕಬ್ಬಿನಿಂದ ಕಾರ್ಖಾನೆಗಳು ತೆಗೆಯುವ ಎಥನಾಲ್ ಈಗ ಪೆಟ್ರೋಲಿನಲ್ಲಿ ಶೇ 20ರಷ್ಟು ಸೇರುತ್ತಿದೆ. ರೈತನ ಮನೆಯವನಾಗಿ ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ 1968ರ ರಬ್ಬರಿಗೆ ಅದು ಒಗ್ಗುವುದಿಲ್ಲ. ಪೈಪು ಮೆತ್ತಗಾಗಿ ಸೋರುತ್ತದೆ, ಪಂಪಿನೊಳಗಿನ ರಬ್ಬರ್ ಪರದೆ (ಡಯಾಫ್ರಮ್) ಸೆಟೆದು ಒಡೆಯುತ್ತದೆ, ಎಥನಾಲ್ ನೀರಿನ ಪಸೆಯನ್ನು ಹೀರಿಕೊಳ್ಳುವುದರಿಂದ ಬಹಳ ದಿನ ನಿಂತ ಕಾರಿನ ಟ್ಯಾಂಕಿನೊಳಗೆ ತುಕ್ಕು ಏಳುತ್ತದೆ. ಎಥನಾಲ್ ತಾಳುವ ವಿಟಾನ್ ರಬ್ಬರಿನ ಪೈಪುಗಳನ್ನು ಹಾಕಿಸಿದ್ದಾರೆಯೇ ಎಂದು ಕಾಕಾ ಅವರನ್ನು ಕೇಳಿ. ಎಂಜಿನ್ ಕೋಣೆಯಲ್ಲಿ ಪೆಟ್ರೋಲ್ ಸೋರಿದರೆ ಆಗುವುದು ಬೆಂಕಿಯ ಅನಾಹುತ. ಎರಡು ಸಾವಿರ ರೂಪಾಯಿಯ ಪೈಪಿಗಾಗಿ ಆ ಅಪಾಯ ಬೇಡ.

ಟೈರಿನ ಬದಿಯಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಹೂವು, ಅಂದರೆ ಟೈರಿನ ಮೇಲಿನ ಗೀರುಗಳು, ಚೆನ್ನಾಗಿ ಕಂಡರೂ ಹತ್ತು ವರ್ಷದ ಟೈರು ನಂಬಿಕೆಗೆ ಯೋಗ್ಯವಲ್ಲ.

ಜಮಖಂಡಿಯ ಓದುಗ

ನನ್ನದು ಕಹಿ ಅನುಭವ. ಸೋದರಮಾವನಿಂದ ಹಳೆಯ ಅಂಬಾಸಿಡರ್ ಕೊಂಡೆ. ಮಾವನ ಮುಂದೆ ಪರೀಕ್ಷೆ ಮಾಡಿಸುವುದು ಅವರನ್ನು ಅವಮಾನಿಸಿದಂತೆ ಎಂದುಕೊಂಡು ಒಂದು ಮಾತೂ ಕೇಳಲಿಲ್ಲ. ಆರನೆಯ ತಿಂಗಳಲ್ಲಿ ಎಂಜಿನ್ ಬಿಚ್ಚಬೇಕಾಯಿತು. ಸೀಸರಹಿತ ಪೆಟ್ರೋಲಿನಿಂದ ಹೆಡ್ಡಿನ ಎಗ್ಸಾಸ್ಟ್ ವಾಲ್ವ್ ಸೀಟುಗಳು ಸವೆದು ಕುಳಿತಿದ್ದವು. ಮಾವನಿಗೆ ಅದು ಗೊತ್ತಿರಲಿಲ್ಲವೆಂದು ಇಂದು ನನಗೆ ಅರ್ಥವಾಗುತ್ತದೆ. ಅಂದು ಅರ್ಥವಾಗಲಿಲ್ಲ. ಒಂದು ದೀಪಾವಳಿಗೆ ನಾನು ಅವರ ಮನೆಗೆ ಹೋಗಲಿಲ್ಲ, ಮರುವರ್ಷ ಹೋಗುವಷ್ಟರಲ್ಲಿ ಅವರು ಹಾಸಿಗೆ ಹಿಡಿದಿದ್ದರು. ಅಕ್ಕಾ, ನೀವು ಪರೀಕ್ಷೆಯನ್ನು ಕಾಕಾ ಅವರ ಎದುರಿಗೇ, ಅವರನ್ನೂ ಜೊತೆಗೆ ಕೂಡಿಸಿಕೊಂಡು ಮಾಡಿಸಿ. ಇಷ್ಟು ಶ್ರಮ ಪಟ್ಟವರಿಗೆ ತಮ್ಮ ಕೆಲಸವನ್ನು ತಿಳಿದವನೊಬ್ಬ ಬಗ್ಗಿ ನೋಡುವುದು ಬೇಸರ ತರಲಾರದು.

ಶಹಾಪುರದ ಗೃಹಿಣಿ, ಬೆಳಗಾವಿ

ಮಕ್ಕಳ ಸುರಕ್ಷತೆಯ ಬಗ್ಗೆ ಒಂದು ಮಾತು. ಮುಂದಿನ ಸೀಟಿಗೆ ಬೆಲ್ಟ್ ಕಡ್ಡಾಯವಾದದ್ದೇ 1994ರಲ್ಲಿ. ಈ ಕಾರಿನಲ್ಲಿ ಮೂಲತಃ ಬೆಲ್ಟ್ ಇಲ್ಲ, ತಲೆಗೆ ಆಸರೆಯೂ ಇಲ್ಲ. ಊರೊಳಗೆ ನಿಧಾನವಾಗಿ ಹೋಗುವುದು ಬೇರೆ, ಪುಣೆ-ಬೆಂಗಳೂರು ಹೆದ್ದಾರಿಗೆ ಏರುವುದು ಬೇರೆ. ಕೊಂಡರೂ ಅದು ಮನೆಯ ಎರಡನೆಯ ಕಾರಾಗಿಯೇ ಇರಲಿ.

ಅನಗೋಳದ ಉಪನ್ಯಾಸಕಿ (ಮೂರು ವಾರಗಳ ನಂತರ)

ಕಳೆದ ಭಾನುವಾರ ಉದ್ಯಮಬಾಗದ ಮೇಸ್ತ್ರಿಯವರೇ ನಮ್ಮೊಂದಿಗೆ ಯರಗಟ್ಟಿ, ಲೋಕಾಪುರದ ಮೇಲಿಂದ ಬಾಗಲಕೋಟೆಗೆ ಬಂದರು. ಅವರ ಉಪಕಾರವನ್ನು ಮಾತಿನಲ್ಲಿ ಹೇಳಲಾರೆ. ಜಮಖಂಡಿಯವರು ಹೇಳಿದಂತೆ ಕಾಕಾ ಅವರ ಎದುರಿಗೇ ಎಲ್ಲವೂ ನಡೆಯಿತು. ಕಾಕಾ ತಮ್ಮ ಮೊಣಕಾಲಿನ ನೋವನ್ನು ಮರೆತು ಮೇಸ್ತ್ರಿಯವರ ಪಕ್ಕದಲ್ಲಿ ನೆಲಕ್ಕೆ ಕೂತುಬಿಟ್ಟರು.

ತಗಡಿನ ಕೆಲಸ ಚೆನ್ನಾಗಿದೆ. ಡಿಕ್ಕಿಯ ತಳದಲ್ಲಿ ಒಂದು ಅಂಗೈಯಗಲ ಮಾತ್ರ ಪುಟ್ಟಿ ಸಿಕ್ಕಿತು. ಕಂಪ್ರೆಶನ್ ನಾಲ್ಕರಲ್ಲಿಯೂ ಹತ್ತಿರ ಹತ್ತಿರ ಇದೆ. ಪೆಟ್ರೋಲ್ ಪೈಪುಗಳು ಸಾಮಾನ್ಯ ರಬ್ಬರಿನವು, ಒಂದು ಆಗಲೇ ಮೆತ್ತಗಾಗಿತ್ತು. ಬ್ರೇಕಿನ ಪೆಡಲ್ ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತದೆ, ದೋಷ ಪೆಡಲಿನ ಒತ್ತಡವನ್ನು ಬ್ರೇಕಿಗೆ ಕಳಿಸುವ ಮಾಸ್ಟರ್ ಸಿಲಿಂಡರಿನದು. ಟೈರುಗಳು 2013ರವು.

ಪೆನ್ಸಿಲಿನಿಂದ ಉಜ್ಜಿ ನೋಡಿದಾಗ ಚಾಸಿ ಸಂಖ್ಯೆ ಹೊಂದಿಕೆಯಾಯಿತು, ಎಂಜಿನ್ ಸಂಖ್ಯೆ ಆಗಲಿಲ್ಲ. ಕಾಕಾ ಅವರ ಮುಖ ಬಾಡಿಹೋಯಿತು. ಬಹಳ ಹೊತ್ತಿನ ಮೇಲೆ ನನ್ನ ತಂದೆಗೆ ನೆನಪಾಯಿತು. ಎಂಬತ್ತರ ದಶಕದಲ್ಲಿ ಬ್ಲಾಕ್ ಸೀಳಿ, ಅಜ್ಜ ಪದ್ಮಿನಿಯ ಬ್ಲಾಕ್ ತರಿಸಿ ಹಾಕಿಸಿದ್ದರಂತೆ. ಪುಸ್ತಕದಲ್ಲಿ ಅದರ ನಮೂದಿಲ್ಲ.

ನವನಗರದ ವಕೀಲ

ಇದು ಕಾರನ್ನು ಬಿಡಬೇಕಾದಷ್ಟು ದೊಡ್ಡ ದೋಷವಲ್ಲ, ಆದರೆ ಹಣ ಕೊಡುವ ಮೊದಲೇ ಸರಿಪಡಿಸಬೇಕಾದ ದೋಷ. ಎಂಜಿನ್ ಬದಲಾವಣೆಯನ್ನು ಆರ್‌ಸಿಯಲ್ಲಿ ನಮೂದಿಸುವಂತೆ ಅರ್ಜಿ ಕೊಡಬೇಕು. ಬ್ಲಾಕ್ ಕೊಂಡ ರಸೀದಿ ಸಿಗದಿದ್ದರೆ ಕಾಕಾ ಮತ್ತು ನಿಮ್ಮ ತಂದೆಯವರ ಅಫಿಡವಿಟ್ ಬೇಕಾಗುತ್ತದೆ, ಮತ್ತು ಅದನ್ನು ಒಪ್ಪುವುದು ಬಿಡುವುದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ವಿಂಟೇಜ್ ನೋಂದಣಿಯ ಆಸೆಯನ್ನು ಸದ್ಯಕ್ಕೆ ಲೆಕ್ಕದಿಂದ ತೆಗೆಯಿರಿ. ಅದೇ ಮಾದರಿಯ ಎಂಜಿನ್ ಎಂದು ವಾದಿಸಲು ಬರುತ್ತದೆ, ಆದರೆ ಮೂಲರೂಪದ ಷರತ್ತನ್ನು ವಿಂಟೇಜ್ ವಾಹನಗಳನ್ನು ಪರಿಶೀಲಿಸುವ ಸಮಿತಿ ಹೇಗೆ ಓದುವುದೆಂಬ ಭರವಸೆಯ ಮೇಲೆ ಬೆಲೆ ಕಟ್ಟಬಾರದು.

ಒಪ್ಪಂದವನ್ನು ಹೀಗೆ ಬರೆಯಿರಿ: ಹೆಸರು ವರ್ಗಾವಣೆ, ಎಂಜಿನ್ ನಮೂದು, ನವೀಕರಣ ಈ ಮೂರೂ ಆದ ಮೇಲೆ ಪೂರ್ತಿ ಹಣ, ಅಲ್ಲಿಯವರೆಗೆ ಸಣ್ಣ ಮುಂಗಡ ಮಾತ್ರ. ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದು ಸಂಬಂಧಿಕರ ನಡುವೆಯೂ ನಿಷಿದ್ಧ. ಸೋದರತ್ತೆಯರ ಪಾಲನ್ನು ಕಾರು ಶೆಡ್ಡಿನಲ್ಲಿ ನಿಂತಿದ್ದಾಗಿನ ಬೆಲೆಯ ಮೇಲೆ ಲೆಕ್ಕ ಹಾಕುವುದು ನ್ಯಾಯ. ದುರಸ್ತಿಯ ಹಣ ಕಾಕಾ ಅವರದು.

ಉದ್ಯಮಬಾಗದ ಹಳೆಯ ಮೇಸ್ತ್ರಿ

ಬೆಲೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಅಂದು ಕಾಕಾ ಅವರ ಮುಂದೆಯೇ ಹೇಳಿದ್ದೇನೆ, ಇಲ್ಲಿಯೂ ಬರೆಯುತ್ತೇನೆ. ಹಳೆಯ ಗಾಡಿಗೆ ಹಾಕಿದ ಹಣ ಮಾರುವಾಗ ಪೂರ್ತಿ ತಿರುಗಿ ಬರುವುದಿಲ್ಲ. ಬಣ್ಣದವನ ಕೂಲಿ, ಎರಡು ಸಲ ಹೋದ ಗ್ಯಾಸ್ಕೆಟ್ಟು, ಮುಂಬಯಿಯ ಓಡಾಟ ಇವೆಲ್ಲ ರಸೀದಿಯಲ್ಲಿರುತ್ತವೆ, ಗಾಡಿಯಲ್ಲಿ ಇರುವುದಿಲ್ಲ. ಹಾಗೆಂದು ಅವರ ಕೆಲಸ ಹಗುರವಲ್ಲ. ಬಾಗಿಲಿನ ಕೆಳಪಟ್ಟಿಯನ್ನು ಪುಟ್ಟಿ ಬಳಿಯದೆ ಹೊಸ ತಗಡು ಕೂಡಿಸಿ ಬೆಸೆಸಿದವರನ್ನು ನಾನು ಕಡಿಮೆ ಕಂಡಿದ್ದೇನೆ. ಟೈರು, ಬ್ರೇಕು, ಪೈಪು, ಕಾಗದಪತ್ರ ಎಲ್ಲ ಸೇರಿ ನಿಮಗೆ ಎಂಬತ್ತರಿಂದ ತೊಂಬತ್ತು ಸಾವಿರ ಬೀಳುತ್ತದೆ. ಅದನ್ನು ಕಳೆದು ಕೊಡುವುದು ಚೌಕಾಸಿಯಲ್ಲ, ಲೆಕ್ಕ.

ಅನಗೋಳದ ಉಪನ್ಯಾಸಕಿ

ಕೊಳ್ಳುವುದೆಂದು ತೀರ್ಮಾನಿಸಿದ್ದೇವೆ. ಬೆಲೆ 3,65,000ಕ್ಕೆ ನಿಂತಿದೆ. ಆ ಅಂಕಿಯನ್ನು ಹೇಳಿದವರು ಕಾಕಾ ಅವರೇ, ನಾನಲ್ಲ. ಅದರಲ್ಲಿ 25,000 ಮುಂಗಡ ಬ್ಯಾಂಕಿನ ಮೂಲಕ ಕೊಟ್ಟಾಗಿದೆ, ಉಳಿದದ್ದು ಆರ್‌ಸಿ ಕೈಗೆ ಬಂದ ಮೇಲೆ.

ಸೋದರತ್ತೆಯರಿಗೆ ಫೋನಿನಲ್ಲಿ ಹೇಳದೆ ಅವರವರ ಮನೆಗೇ ಹೋಗಿ ಕೇಳಿದೆವು. ಶೆಡ್ಡಿನಲ್ಲಿದ್ದಾಗಿನ ಬೆಲೆಯನ್ನು 60,000 ಎಂದು ಹಿಡಿದು ತಲೆಗೆ 15,000 ಎಂದೆವು. ಚಿಕ್ಕತ್ತೆ ಹಣ ಬೇಡವೆಂದು ಆ ಕೂಡಲೇ ಸಹಿ ಹಾಕಿದರು. ದೊಡ್ಡತ್ತೆ ಹಣ ತೆಗೆದುಕೊಂಡರು. ಮೂರು ವರ್ಷ ಕಾರಿನ ಕೆಲಸ ನಡೆದರೂ ತಮ್ಮನ್ನು ಒಂದು ಮಾತು ಕೇಳಲಿಲ್ಲವೆಂಬ ನೋವು ಅವರಿಗಿತ್ತು. ಅದನ್ನು ಕಾಕಾ ಅವರ ಎದುರಿಗೇ ಆಡಿದರು. ಕಾಕಾ ತಪ್ಪಾಯಿತೆಂದು ಒಪ್ಪಿಕೊಂಡರು.

ನಿಲ್ಲಿಸುವ ಜಾಗಕ್ಕೆ ನಮ್ಮ ಮನೆಯ ಹಿಂದಿನ ಕಟ್ಟೆಯನ್ನು ಎತ್ತರಿಸಿ ಸೂರು ಹಾಕಿಸುತ್ತಿದ್ದೇವೆ, ಅದಕ್ಕೆ 40,000. ಹೆದ್ದಾರಿಗೆ ಒಯ್ಯುವುದಿಲ್ಲ, ಮಳೆಗಾಲದಲ್ಲಿ ಹೊರಗೆ ತೆಗೆಯುವುದಿಲ್ಲ ಎಂದು ಮನೆಯವರೆಲ್ಲ ಒಪ್ಪಿದ್ದೇವೆ. ವಿಮೆ ಇಲ್ಲದಿರುವುದರಿಂದ ಬಾಗಲಕೋಟೆಯಿಂದ ಓಡಿಸಿ ತರದೆ ಲಾರಿಯ ಮೇಲೆಯೇ ತರುತ್ತೇವೆ.

ಉದ್ಯಮಬಾಗದ ಹಳೆಯ ಮೇಸ್ತ್ರಿ

ಲಾರಿಗೆ ಏರಿಸುವ ಮೊದಲು ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿರಿ, ಬ್ಯಾಟರಿಯ ಒಂದು ತಂತಿ ಬಿಚ್ಚಿಡಿರಿ. ಕಟ್ಟುವಾಗ ಹಗ್ಗ ಬಂಪರಿಗೆ ಬೇಡ, ಚಕ್ರಗಳಿಗೆ ಹಾಕಿಸಿರಿ. ಇಲ್ಲಿ ಇಳಿಸುವ ದಿನ ನಾನು ಬರುತ್ತೇನೆ, ಅಂದೇ ಪೈಪು ಮತ್ತು ಮಾಸ್ಟರ್ ಸಿಲಿಂಡರ್ ಬದಲಿಸಿ ಮುಗಿಸೋಣ.